ಹೊಂಡದಲ್ಲಿ ನೆನೆದ ಗಾಲಿಗಳು

ನಮ್ಮ ಮನೆತನದಲ್ಲಿ ಬಾಯಿಗಿಂತ ಕೈ ಮುಂದು. ಅಪ್ಪ ನನಗೆ ಬಡಿಗತನ ಕಲಿಸಲು ಕೂತದ್ದು ಬಾಚಿಯ ಕಾವು ಹಿಡಿದುಕೊಂಡೇ. ಗೆರೆ ತಪ್ಪಿದಾಗೊಮ್ಮೆ ಮೊಣಕೈ ಗಂಟಿಗೆ ಒಂದು ಬೀಳುತ್ತಿತ್ತು. ಅವನಿಗೆ ಅವನಪ್ಪ ಕಲಿಸಿದ್ದೂ ಹಾಗೆಯೇ. ನಾನು ಬಡಿಗತನ ಕಲಿಯಲಿಲ್ಲ, ಹೊಡೆಯುವುದನ್ನು ಮಾತ್ರ ಚೆನ್ನಾಗಿ ಕಲಿತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವು ಛೀ ಅನ್ನುವವರೇ. ಅನ್ನಿ. ನನಗೆ ನಾನೇ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇಂಡಿ ಪಟ್ಟಣದಲ್ಲಿ ಸಿಂದಗಿ ರಸ್ತೆಗೆ ನನ್ನದೊಂದು ಲೇಥ್ ಅಂಗಡಿ ಇದೆ. ಟ್ರ್ಯಾಕ್ಟರಿನ ಪಿನ್ನು, ಬೋರಿನ ಮೋಟಾರಿನ ಶಾಫ್ಟು, ಲಿಂಬೆ ತೋಟದವರ ಔಷಧಿ ಹೊಡೆಯುವ ಪಂಪು, ಇವೇ ದಿನದ ಕೆಲಸ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ತಗಡಿನ ಶೆಡ್ಡು. ಆ ಶೆಡ್ಡು ಅಪ್ಪನದು. ಮೊದಲು ನಮ್ಮೂರು ಹೊರ್ತಿಯಲ್ಲಿದ್ದಾಗ ಚಕ್ಕಡಿಯ ಗಾಲಿ ಮಾಡುವುದರಲ್ಲಿ ಅವನದು ಎತ್ತಿದ ಕೈ. ಅವನು ಮಾಡಿದ ಗಾಲಿ ಹತ್ತು ಮಳೆಗಾಲ ಕಂಡರೂ ಕಿರ್ ಅನ್ನುತ್ತಿರಲಿಲ್ಲ ಎಂದು ಇವತ್ತಿಗೂ ಹೇಳುವವರಿದ್ದಾರೆ. ಈಗ ಚಕ್ಕಡಿಗೂ ರಬ್ಬರಿನ ಟೈರು ಬಂದಿದೆ. ಅಪ್ಪನ ಬಾಚಿ, ಉಳಿ, ಕೊಡತಿಗಳು ಎಣ್ಣೆ ಸವರಿಸಿಕೊಂಡು ಗೋಡೆಗೆ ನೇತಾಡುತ್ತಿದ್ದವು. ಅಪ್ಪ ದಿನಾ ಬೆಳಿಗ್ಗೆ ಹೋಗಿ ಅವುಗಳ ಮುಂದೆ ಒಂದಿಷ್ಟು ಹೊತ್ತು ಕೂತು ಬರುತ್ತಿದ್ದ.

ಕಾರು ನನಗೆ ಸಿಕ್ಕಿದ್ದು ನಿಡಗುಂದಿ ಹತ್ತಿರದ ಒಂದು ವಾಡೆಯಲ್ಲಿ. ಅವರ ಜನರೇಟರು ರಿಪೇರಿ ಮಾಡಲು ಹೋದಾಗ ದನದ ಕೊಟ್ಟಿಗೆಯ ಮೂಲೆಯಲ್ಲಿ ಮೇವಿನ ಕೆಳಗೆ ಅದು ಹೂತುಹೋಗಿತ್ತು. ಇಂಗ್ಲೆಂಡಿನದು, ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ನೆಲಕ್ಕೆ ಅಂಟಿಕೊಂಡಂಥ ಗಿಡ್ಡ ಗಾಡಿ. ಸ್ಟೇರಿಂಗಿನ ಪಕ್ಕ ಕೋಳಿ ಮೊಟ್ಟೆ ಇಟ್ಟಿತ್ತು. ಯಾವ ಕಂಪನಿಯದೆಂದು ಹೇಳುವುದಿಲ್ಲ; ಹೇಳಿದರೆ ಇಂಥ ಗಾಡಿಗಳ ಹುಚ್ಚಿನವರು ಫೋನ್ ಮಾಡಿ ನನ್ನ ತಲೆ ತಿನ್ನುತ್ತಾರೆ. ವಾಡೆಯವರು, 'ಒಯ್ಯೋ ಮಾರಾಯಾ, ಜಾಗಾ ಖಾಲಿ ಆಗ್ಲಿ' ಎಂದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆ. ಎರಡು ವರ್ಷ ಕೂತು ಎಂಜಿನ್ನು ಬದುಕಿಸಿದೆ. ಅದು ಮೊದಲ ಸಲ ಗುಡುಗಿದ ದಿನ ಅವ್ವ ಒಲೆಯ ಮುಂದಿನಿಂದ ಎದ್ದು ಓಡಿಬಂದಿದ್ದಳು.

ಅಪ್ಪನಿಗೆ ಎಂಜಿನ್ನು ಬೇಕಿರಲಿಲ್ಲ. ಅವನ ಕಣ್ಣೆಲ್ಲ ಗಾಲಿಗಳ ಮೇಲೆ. ಅವು ತಗಡಿನ ಗಾಲಿಗಳಲ್ಲ, ಸೈಕಲ್ಲಿನ ಹಾಗೆ ತಂತಿ ಕಡ್ಡಿಯವು. ಒಂದೊಂದಕ್ಕೆ ಅರವತ್ತು ಕಡ್ಡಿ, ಒಂದರ ಮೇಲೊಂದು ಹಾಯ್ದು ನೇಯ್ದಂತೆ ಇದ್ದವು. ಗಾಲಿಯ ನಡುವಿನ ತೂತಿನೊಳಗೆ ಸುತ್ತಲೂ ಸಣ್ಣ ಹಲ್ಲುಗಳು. ಅವು ಕಾರಿನ ಅಚ್ಚಿನ ತುದಿಗಿರುವ ಹಬ್ಬಿನ ಹಲ್ಲಿಗೆ ಸರಿಯಾಗಿ ಕೂಡಬೇಕು. ಹೊರಗಿನಿಂದ ಎರಡು ಕಿವಿಯ ಒಂದೇ ದೊಡ್ಡ ನಟ್ಟು. ಆ ಕಿವಿಗೆ ತಾಮ್ರದ ಸುತ್ತಿಗೆಯಿಂದ ಹೊಡೆದೇ ಬಿಗಿ ಮಾಡಬೇಕು, ಹೊಡೆದೇ ಬಿಚ್ಚಬೇಕು. ನಟ್ಟು ತಿರುವುವ ಪಾನಾ ಗೀನಾ ನಡೆಯುವುದಿಲ್ಲ. ಅಪ್ಪ ಕಡ್ಡಿಗಳ ಮೇಲೆ ಬೆರಳು ಆಡಿಸಿ, 'ಇದನ್ನ ಮಾಡಿದಾಂವ ಬಡಿಗ್ಯಾನ ಇರಬೇಕು ನೋಡು. ಆದ್ರ ಸಡ್ಲ ಆಗ್ಯಾವು. ಸಪ್ಪಳಾ ಮಾಡ್ತಾವು' ಎನ್ನುತ್ತಿದ್ದ. ನಾನು ಹೂಂ ಎಂದು ಸುಮ್ಮನಾಗುತ್ತಿದ್ದೆ. ಸುಮ್ಮನಾಗಬಾರದಿತ್ತು.

ಆ ಬೇಸಿಗೆಯಲ್ಲಿ ಎರಡು ತಿಂಗಳು ಒಂದು ಸಕ್ಕರೆ ಕಾರ್ಖಾನೆಯ ರಿಪೇರಿ ಕೆಲಸಕ್ಕೆ ಹೋದೆ. ಹೋಗುವ ಮುಂಚೆ ನಾಲ್ಕೂ ಗಾಲಿ ಬಿಚ್ಚಿ, ಟೈರು ಕಳಚಿ ಅಪ್ಪನ ಶೆಡ್ಡಿನಲ್ಲಿಟ್ಟೆ. ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಿದೆ. ತಿರುಗಿ ಬಂದ ದಿನ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಮುಖದಲ್ಲಿ ಅಂಥ ಗೆಲುವು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

'ಬಾ ಬಾ, ಕೈಕಾಲ ಆಮ್ಯಾಲ ತೊಳಕೊ. ಮೊದಲ ಇಲ್ಲಿ ನೋಡು.'

ಶೆಡ್ಡಿನ ಗೋಡೆಗೆ ನಾಲ್ಕು ಗಾಲಿ ಒರಗಿದ್ದವು. ಇಟ್ಟಂಗಿ ಬಣ್ಣಕ್ಕೆ ತಿರುಗಿದ್ದವು, ಮೇಲೆ ಪಾಚಿ ಒಣಗಿ ಅಂಟಿಕೊಂಡಿತ್ತು.

'ನೀ ಹ್ವಾದ ಮರುದಿನಾನ ಹೊಂಡಕ್ಕ ಬಿಟ್ಟೆ. ಎರಡು ತಿಂಗಳ ನೆನದಾವು. ಅಳ್ಳಾಡಸು, ಒಂದರ ಕಡ್ಡಿ ಸಪ್ಪಳಾ ಮಾಡ್ತೈತೇನು ಹೇಳು!'

ನಮ್ಮ ಕಡೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟ್ಟಿಗೆಯ ಗಾಲಿ ಬೇಸಿಗೆಯಲ್ಲಿ ಒಣಗಿ ಸಂದು ಬಿಡುತ್ತದೆ. ಆಗ ಅದನ್ನು ಬಿಚ್ಚಿ ಹಳ್ಳಕ್ಕೋ ಹೊಂಡಕ್ಕೋ ಬಿಟ್ಟರೆ ಕಟ್ಟಿಗೆ ನೀರು ಕುಡಿದು ಉಬ್ಬಿ ಎಲ್ಲ ಬಿಗಿಯಾಗಿ ಕೂರುತ್ತದೆ. ಜೀವಮಾನವಿಡೀ ಅಪ್ಪ ಅದನ್ನೇ ಮಾಡಿದವನು. ಪಕ್ಕದ ಲಿಂಬೆ ತೋಟದ ಕೃಷಿ ಹೊಂಡಕ್ಕೆ ಒಂದೊಂದೇ ಗಾಲಿಯನ್ನು ಹೆಗಲ ಮೇಲೆ ಹೊತ್ತೊಯ್ದು ಮುಳುಗಿಸಿದ್ದ. ಸಪ್ಪಳ ನಿಂತದ್ದು ನಿಜ; ಮೊದಲೇ ಅರ್ಧ ಸತ್ತಿದ್ದ ಕಬ್ಬಿಣ ತುಕ್ಕು ತಿಂದು ತಿಂದು ಕಡ್ಡಿಯೂ ರಿಮ್ಮೂ ಒಂದಕ್ಕೊಂದು ಹಿಡಿದುಕೊಂಡುಬಿಟ್ಟಿದ್ದವು. ನಾನು ಪಾನಾ ತೆಗೆದುಕೊಂಡು ಮೆಲ್ಲಗೆ ಒಂದು ಕಡ್ಡಿಗೆ ತಟ್ಟಿದೆ. ಪಟ್ ಎಂದು ಮುರಿಯಿತು. ಇನ್ನೊಂದಕ್ಕೆ ತಟ್ಟಿದೆ, ಅದೂ ಮುರಿಯಿತು. ನಾಲ್ಕನೆಯ ಗಾಲಿಗೆ ಬರುವ ಹೊತ್ತಿಗೆ ನಾನು ತಟ್ಟುತ್ತಿರಲಿಲ್ಲ, ಪಾನಾ ಎತ್ತಿ ಎತ್ತಿ ಬೀಸುತ್ತಿದ್ದೆ.

'ಲೇ, ಯಾಕ ಮುರಿತಿ? ಈಗ ಬಿಗಿ ಆಗ್ಯಾವಲ್ಲೋ' ಎಂದು ಅಪ್ಪ ನನ್ನ ತೋಳು ಹಿಡಿದ.

ಪಾನಾ ಕೆಳಗೆ ಹಾಕಿದೆ. ಅಷ್ಟು ಬುದ್ಧಿ ಇತ್ತು, ಅಷ್ಟೇ ಇತ್ತು. ಬರಿಗೈಯಿಂದ ಹೊಡೆದೆ. ಮೊದಲನೆಯದು ಕೆನ್ನೆಗೆ ಬಿತ್ತು. ಎರಡನೆಯದು ಎಲ್ಲಿಗೆ ಬಿತ್ತೋ ನೋಡಲಿಲ್ಲ. ಅಪ್ಪ ಗಾಲಿಗಳ ಮೇಲೆ ಬಿದ್ದ. ಮುರಿದ ಕಡ್ಡಿಯ ತುದಿ ಹುಬ್ಬಿನ ಮೇಲಿನಿಂದ ಕಿವಿಯ ತನಕ ಸೀಳಿತು. ರಕ್ತ ಬಿಳಿ ಅಂಗಿಗೆಲ್ಲ ಇಳಿಯಿತು. ಅವ್ವ ಬಂದು ನೋಡಿದವಳೇ ನನ್ನ ಎದೆಗೆ ಎರಡೂ ಕೈಯಿಂದ ಗುದ್ದಿ, 'ನಿನ್ನ ಕೈ ಸೇದಹೋಗ್ಲಿ! ಹೆತ್ತಪ್ಪಗ ಹೊಡದೇನಲೇ ಹಾಟ್ಯಾ!' ಎಂದು ಚೀರಿದಳು. ತೋಟದವರು ಓಡಿಬಂದರು. ದವಾಖಾನೆಯಲ್ಲಿ ಐದು ಹೊಲಿಗೆ ಹಾಕಿದರು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಅಪ್ಪ, 'ಜಾರಿ ಬಿದ್ದೆರಿ' ಎಂದ. ನನಗೆ ಆ ಮಾತೂ ಏಟಿನ ಹಾಗೇ ತಾಗಿತು.

ಮನೆಗೆ ಬಂದ ಮೇಲೆ ಅಪ್ಪ ಅವ್ವನಿಗೆ ಹೇಳಿದ, ನಾನು ಅಲ್ಲೇ ನಿಂತಿದ್ದೆ: 'ಅವನ ಗಾಲಿ ಕೆಡಿಸಿದಾಂವ ನಾ. ಅವನ ಗಾಡಿ ನಾಲ್ಕು ಕಡ್ಡಿ ಗಾಲಿ ಮ್ಯಾಲ ನಿಲ್ಲೂತನಕ ನಾ ಅವನ ಕೂಡ ಮಾತಾಡಂಗಿಲ್ಲ. ನಿಂತ ಮ್ಯಾಲ ನೋಡೂಣು.' ಅವತ್ತಿನಿಂದ ನಾನು ಊಟಕ್ಕೆ ಕೂತರೆ ಅವನು ತಾಟು ಹಿಡಿದುಕೊಂಡು ಶೆಡ್ಡಿಗೆ ಹೋಗುತ್ತಿದ್ದ. ತಪ್ಪಾಯಿತು ಎಂದು ಕಾಲು ಹಿಡಿಯಲು ಹೋದೆ, ಕಾಲು ಎಳೆದುಕೊಂಡ. ನನಗೆ ಬೇಕಾದದ್ದು ಇನ್ನು ಕಾರಲ್ಲ. ನಾಲ್ಕು ಗಾಲಿ ಸಿಗಬೇಕು, ಅಪ್ಪ ನನ್ನ ಕೂಡ ಮಾತಾಡಬೇಕು. ಅಷ್ಟಕ್ಕೇ ನಾಲ್ಕು ತಾಲ್ಲೂಕು ಸುತ್ತಿದೆ.

ಮೊದಲು ಫೋನಿನಲ್ಲೇ ಹುಡುಕಿದೆ. ಹಳೇ ಕಾರಿನವರ ವಾಟ್ಸಾಪ್ ಗುಂಪುಗಳಿಗೆ ಫೋಟೋ ಹಾಕಿದೆ. ಒಬ್ಬ ಇಂಗ್ಲೆಂಡಿನಿಂದ ತರಿಸಬೇಕು, ವರ್ಷ ಹಿಡಿಯುತ್ತದೆ ಎಂದ. ಇನ್ನೊಬ್ಬ ಹಬ್ಬು ಬದಲಿಸಿ ಮಾಮೂಲಿ ತಗಡಿನ ಗಾಲಿ ಕೂಡಿಸು ಎಂದು ಬುದ್ಧಿ ಹೇಳಿದ. ಅದು ನನಗೆ ಗೊತ್ತಿರಲಿಲ್ಲವೇ? ಅರ್ಧ ದಿನದ ಲೇಥ್ ಕೆಲಸ. ಆದರೆ ಅಪ್ಪ ಹೇಳಿದ್ದು ಕಡ್ಡಿ ಗಾಲಿ.

ಸಿಂದಗಿಯ ಒಂದು ಗುಜರಿಯಲ್ಲಿ ಎರಡು ಸಿಕ್ಕವು. ಮಾಲೀಕ ದಪ್ಪ ಮನುಷ್ಯ, ಬಾಯಿತುಂಬ ಅಡಿಕೆ-ತಂಬಾಕಿನ ಮಾವಾ. 'ಅಸಲಿ ಇಂಗ್ಲೆಂಡಿನ ಮಾಲ್ ಐತ್ರಿ' ಎಂದು ಆಣೆ ಮಾಡಿದ. ತಂದು ಕೂಡಿಸಿದರೆ ಒಳಗಿನ ಹಲ್ಲು ನನ್ನ ಹಬ್ಬಿಗೆ ತಾಳೆಯಾಗಲಿಲ್ಲ. ಬೇರೆ ಯಾವುದೋ ಗಾಡಿಯ ಗಾಲಿ. ಅಪ್ಪ ಶೆಡ್ಡಿನ ಬಾಗಿಲಿನಿಂದ ನೋಡುತ್ತಿದ್ದ. ಗಾಲಿ ಹೊರಗೆ ತೆಗೆದದ್ದು ಕಂಡು ಒಳಗೆ ಹೋದ. ಅದೇ ಸಿಟ್ಟಿನಲ್ಲಿ ಮರುದಿನ ಸಿಂದಗಿಗೆ ಹೋದೆ.

'ಬಡದ್ರ ಕೂಡತೈತೋ ಮಾರಾಯಾ. ಕಬ್ಬಿಣ ಐತಿ, ಬಡದಂಗ ಕೇಳತೈತಿ' ಎಂದು ಮಾಲೀಕ ಪಿಚಕ್ಕನೆ ಉಗುಳಿದ.

ಉಗುಳಿದ್ದು ನನ್ನ ಚಪ್ಪಲಿಗೆ ಸಿಡಿಯಿತು. ನಾನು ಗಾಲಿ ಎತ್ತಿ ಅವನ ತಕ್ಕಡಿಯ ಮೇಲೆ ಒಗೆದೆ, ತಕ್ಕಡಿಯ ಕೊಂಡಿ ಹರಿಯಿತು. ಅವನ ಅಂಗಿ ಹಿಡಿದು ಒಂದು ಬಾರಿಸಿದೆ. ಅಷ್ಟರಲ್ಲಿ ಹಮಾಲರು ಮೂವರು ಬಂದರು. ಒಬ್ಬ ಹಿಂದಿನಿಂದ ಕೈ ಕಟ್ಟಿ ಹಿಡಿದ, ಇನ್ನಿಬ್ಬರು ಸಾವಕಾಶವಾಗಿ, ಮೂಟೆ ಒಟ್ಟುವವರ ಹಾಗೆ ಒಂದರ ಮೇಲೊಂದು ಹಾಕಿದರು. ಮುಂದಿನ ಒಂದು ಹಲ್ಲು ಹೋಯಿತು, ತುಟಿ ಒಡೆಯಿತು. ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಮನೆಗೆ ಬಂದಾಗ ಅಪ್ಪ ನನ್ನ ತುಟಿ ನೋಡಿದ, ಅವ್ವನ ಕಡೆ ತಿರುಗಿ, 'ಅರಿಷಿಣಾ ಹಚ್ಚಂತ ಹೇಳು' ಎಂದು ಎದ್ದುಹೋದ. ನನಗೆ ಅಳು ಬಂತು, ನಿಜವಾಗಿ ಬಂತು.

ಆಮೇಲೆ ಮುದ್ದೇಬಿಹಾಳಕ್ಕೆ ಹೋದೆ. ನಿಡಗುಂದಿಯ ವಾಡೆಯವರ ಬೀಗರು ಅಲ್ಲಿದ್ದಾರೆ, ಅವರಲ್ಲಿಯೂ ಅಂಥದೇ ಕಾರೊಂದು ಇತ್ತು ಎಂದು ಸುದ್ದಿ ಸಿಕ್ಕಿತ್ತು. ಅವರಿಗೆ ಅದರ ನೆನಪೇ ಇರಲಿಲ್ಲ. ಅವರ ಮನೆಯಲ್ಲಿ ಹಿಂದೆ ಗಾಡಿ ಓಡಿಸುತ್ತಿದ್ದ ಮುದುಕನೊಬ್ಬ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಸಿಕ್ಕ. 'ಆ ಕಾರ ಕಡದು ಗುಜರಿಗಿ ಹಾಕಿ ಭಾಳ ದಿನ ಆತು. ಗಾಲಿ ಮಾತ್ರ ಬಾಗೇವಾಡಿ ಸಾರೋಟದವರು ಒಯ್ದರು. ಮದವಿ ಮೆರವಣಿಗಿಗಿ ಸಾರೋಟ ಹೊರಡತೈತಲ್ಲ, ಅದಕ್ಕ ಅದಾವು ನೋಡ್ರಿ' ಎಂದ. ಅವನ ಚಹಾ ಮುಗಿಯುವ ಮುಂಚೆ ನಾನು ಬಸವನ ಬಾಗೇವಾಡಿಯ ಬಸ್ಸಿನಲ್ಲಿದ್ದೆ.

ಸಾರೋಟು ಮನೆಯ ಮುಂದೆಯೇ ನಿಂತಿತ್ತು. ಕೆಂಪು ಮಖಮಲ್ಲಿನ ಸೀಟು, ಮುಂದೆ ಕಟ್ಟಿದ ಬಿಳಿ ಕುದುರೆ, ಕೆಳಗೆ ನಾಲ್ಕು ಕಡ್ಡಿ ಗಾಲಿ. ಬೆಳ್ಳಿ ಬಣ್ಣ ಬಳಿದಿದ್ದರು. ಬಗ್ಗಿ ನೋಡಿದೆ, ಎರಡು ಕಿವಿಯ ಅದೇ ನಟ್ಟು. ಒಳಗಿನ ಹಲ್ಲು ನೋಡದೆ ಇರಲಾಗಲಿಲ್ಲ. ಮತ್ತೆ ಮೋಸ ಹೋದರೆ ಅಪ್ಪನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಬಾಗಿಲು ಬಡಿದು ಕೇಳಬೇಕಿತ್ತು. ಕೇಳುವ ಜಾತಿಯವನೇ ನಾನು? ಚೀಲದಿಂದ ಸುತ್ತಿಗೆ ತೆಗೆದು ಮುಂದಿನ ಗಾಲಿಯ ಕಿವಿಗೆ ಠಣ್ ಎಂದು ಒಂದು ಹಾಕಿದೆ. ಕುದುರೆ ಬೆಚ್ಚಿ ಹಿಂಗಾಲು ಝಾಡಿಸಿತು. ಎದೆಗೆ ಬಿತ್ತು. ಒಳಗೆ ಏನೋ ಲಟ್ ಅಂದದ್ದು ನನಗೇ ಕೇಳಿಸಿತು. ಬಿದ್ದವನಿಗೆ ಉಸಿರು ತೆಗೆಯಲು ಆಗಲಿಲ್ಲ.

ಒಳಗಿನಿಂದ ಗಡ್ಡದ ಹಿರಿಯರೊಬ್ಬರು ಓಡಿಬಂದು ಕುದುರೆಯನ್ನು ಹಿಡಿದರು, ಆಮೇಲೆ ನನ್ನನ್ನು. ಆ ಊರಿನಲ್ಲಿ ಎಲ್ಲರೂ ಅವರಿಗೆ ಚಾಚಾ ಅನ್ನುತ್ತಾರೆ. ಮೂರು ತಲೆಮಾರಿನಿಂದ ಬ್ಯಾಂಡು, ಸಾರೋಟು ನಡೆಸಿಕೊಂಡು ಬಂದ ಮನೆ.

'ಯಾ ಊರಾಂವ ಲೇ ನೀ? ಕೇಳದ ಮಂದಿ ಗಾಡಿಗಿ ಸುತ್ತಿಗಿ ಹಾಕ್ತಿಯೇನು? ಸತ್ತಿದ್ರ ಏನ್ ಮಾಡ್ತಿದ್ದಿ?' ಎಂದು ಬೈಯುತ್ತಲೇ ಕಟ್ಟೆಗೆ ಕೂರಿಸಿದರು. ತಂಬಿಗೆಯಲ್ಲಿ ನೀರು ತಂದರು. ನಾನು ಎದೆ ಹಿಡಿದುಕೊಂಡು ಗಾಲಿ ಬೇಕು ಎಂದು ಹೇಳಿದೆ. ಅವರು ನಕ್ಕರು.

'ಗಾಲಿ ಒಯ್ದ್ರ ನಾ ಸಾರೋಟ ಹೆಗಲ ಮ್ಯಾಲ ಹೊರಲೇನು? ಖರೇ ಹೇಳಬೇಕಂದ್ರ ನನಗೂ ಇವು ಸಾಕಾಗ್ಯಾವು. ನಮ್ಮ ಅಬ್ಬಾನ ಕಾಲಕ್ಕ ಕಟಗಿ ಗಾಲಿ ಇದ್ದುವು, ಆಹಾ, ಏನ್ ಡೌಲು! ಅಂಥಾವ ನಾಲ್ಕು ಯಾರರ ಮಾಡಿಕೊಟ್ರ ಇವನ್ನ ಈಗ ಬಿಚ್ಚಿ ಕೊಡ್ತೇನಿ. ಆದ್ರ ಮಾಡಾವ್ರು ಎಲ್ಲಿ ಅದಾರ? ಹೊರ್ತ್ಯಾಗ ಒಬ್ಬ ಬಡಿಗ್ಯಾ ಇದ್ದ. ಈಗ ಇಂಡ್ಯಾಗ ಮಗನ ಕಡೆ ಅದಾನಂತ. ಆ ಮಗಾ ಎಂಥಾ ಹರಾಮಖೋರ ಅಂದ್ರ, ಅಪ್ಪನ್ನ ರಕ್ತ ಬರೂಹಂಗ ಹೊಡದಾನಂತ.'

ನಾನು ನೆಲ ನೋಡುತ್ತ ಕೂತೆ. ಸುಮ್ಮನಿದ್ದರೆ ನಡೆಯುತ್ತಿತ್ತು. ಯಾಕೋ ಆಗಲಿಲ್ಲ.

'ಆ ಮಗಾ ನಾನರಿ ಚಾಚಾ.'

ಚಾಚಾ ನನ್ನ ಕೈಯಲ್ಲಿದ್ದ ತಂಬಿಗೆ ಕಸಿದುಕೊಂಡು ಉಳಿದ ನೀರು ನೆಲಕ್ಕೆ ಚೆಲ್ಲಿದರು. 'ನಿನ್ನ ಕೂಡ ನಂದು ಯವ್ವಾರ ಇಲ್ಲ. ಏಳು. ನಿಮ್ಮಪ್ಪನ ಕೂಡ ನಾ ಬಂದ ಮಾತಾಡ್ತೇನಿ' ಎಂದರು.

ಮಾತಿನಂತೆ ಮೂರನೇ ದಿನ ಬಂದರು. ನಾನು ಪಕ್ಕೆಲುಬಿಗೆ ಪಟ್ಟಿ ಸುತ್ತಿಕೊಂಡು ಅಂಗಡಿಯಲ್ಲಿದ್ದೆ. ನನ್ನತ್ತ ನೋಡದೆ ನೇರ ಶೆಡ್ಡಿಗೆ ಹೋದರು. ಇಬ್ಬರು ಹಿರಿಯರೂ ಬಾಗಿಲು ಮುಂದೆ ಮಾಡಿಕೊಂಡು ಒಂದು ತಾಸು ಮಾತಾಡಿದರು. ಅವರು ಹೋದ ಮೇಲೆ ಶೆಡ್ಡಿನಿಂದ ಬಾಚಿಯ ಸದ್ದು ಬಂತು. ಟಕ್, ಟಕ್, ಟಕ್. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತು ಕೇಳಿದಳು.

ಆ ಎರಡು ತಿಂಗಳು ಅಪ್ಪ ಕಟ್ಟಿಗೆಯ ಜೊತೆ ಜಗಳಕ್ಕೆ ಬಿದ್ದವನ ಹಾಗೆ ದುಡಿದ. ಹಳೆಯ ಕರಿಜಾಲಿಯ ದಿಮ್ಮಿ ತರಿಸಿದ. ಕಡಿದ, ಸೀಳಿದ, ಕೊರೆದ, ಕಡ್ಡಿಯ ಜಾಗದ ಒಂದೊಂದು ಅರವನ್ನೂ ಕೊಡತಿಯಿಂದ ಗುದ್ದಿ ಗುದ್ದಿ ಗಾಲಿಯ ನಡುವಿನ ಗುಂಬಕ್ಕೆ ಇಳಿಸಿದ. ಗಂಟು ಅಡ್ಡ ಬಂದರೆ ಕಟ್ಟಿಗೆಗೇ ಬೈಯುತ್ತಿದ್ದ: 'ಬಾ ನಿಮ್ಮೌನ, ಎಲ್ಲಿ ಹೋಗ್ತಿ ನೋಡ್ತೇನಿ!' ಕೈಬೆರಳು ಒಡೆದು ರಕ್ತ ಬಂದರೂ ಬಟ್ಟೆ ಸುತ್ತಿಕೊಂಡು ಮತ್ತೆ ಉಳಿ ಹಿಡಿಯುತ್ತಿದ್ದ. ನಾನು ಅಂಗಡಿಯಲ್ಲಿ ಲೇಥಿನ ಮುಂದೆ ನಿಂತು ಕಿವಿ ಅತ್ತಲೇ ಇಟ್ಟಿರುತ್ತಿದ್ದೆ.

ಕೊನೆಗೆ ಗಾಲಿಗೆ ಕಬ್ಬಿಣದ ಬಳೆ ತೊಡಿಸುವ ದಿನ ಬಂತು. ಅದು ಒಬ್ಬನ ಕೆಲಸವಲ್ಲ. ಸಗಣಿ ಕುಳ್ಳಿನ ಬೆಂಕಿಯಲ್ಲಿ ಬಳೆ ಕೆಂಪಗೆ ಕಾಯ್ದಿತ್ತು. ಅಪ್ಪ ಅವ್ವನ ಕಡೆ ನೋಡುತ್ತ, 'ಅವಗ ಇಕ್ಕಳ ಹಿಡಿ ಅಂತ ಹೇಳು' ಎಂದ. ಅವ್ವ ನನ್ನ ಕಡೆ ತಿರುಗಿ, 'ಇಕ್ಕಳ ಹಿಡಿಬೇಕಂತ' ಎಂದಳು. ನಾನು ಅವನ ಎದುರೇ ನಿಂತಿದ್ದೆ! 'ಹಿಡದೇನಂತ ಹೇಳು' ಎಂದೆ. ಇಬ್ಬರೂ ಸೇರಿ ಕೆಂಡದಂಥ ಬಳೆಯನ್ನು ಎತ್ತಿ ಗಾಲಿಯ ಮೇಲೆ ಕೂಡಿಸಿದೆವು. ಕಟ್ಟಿಗೆ ಭಗ್ಗನೆ ಉರಿಯಿತು. ಅವನು ಒಂದು ಕಡೆ ಸುತ್ತಿಗೆ ಹಾಕಿದ, ನಾನು ಇನ್ನೊಂದು ಕಡೆ. ನೀರು ಸುರಿದಾಗ ಹಬೆ ಎದ್ದು ಒಬ್ಬರಿಗೊಬ್ಬರು ಕಾಣದಾದೆವು; ಗಾಲಿ ಮಾತ್ರ ಲಟಲಟ ಎಂದು ಬಿಗಿಯುತ್ತಿತ್ತು. ಮುರಿದ ಪಕ್ಕೆಲುಬು ಒಳಗೆ ಚುಚ್ಚುತ್ತಿತ್ತು, ನನಗೆ ಅದರ ಪರಿವೆ ಇರಲಿಲ್ಲ. ಇಷ್ಟು ಸಂತೋಷ ನಾನು ಯಾವ ಕೆಲಸದಲ್ಲೂ ಪಟ್ಟಿಲ್ಲ.

ಚಾಚಾ ಟೆಂಪೋದಲ್ಲಿ ಬಂದು ಕಟ್ಟಿಗೆಯ ಗಾಲಿ ಒಯ್ದರು, ಕಡ್ಡಿ ಗಾಲಿ ಇಳಿಸಿದರು. ಒಂದನ್ನು ಹಬ್ಬಿಗೆ ಹಚ್ಚಿ ನೂಕಿದೆ. ಹಲ್ಲಿಗೆ ಹಲ್ಲು ಕೂಡಿ ಬೆಣ್ಣೆಯಂತೆ ಒಳಗೆ ಹೋಯಿತು. ಚಾಚಾ ಅಪ್ಪನ ಬೆನ್ನು ತಟ್ಟಿ ಹೊರಟರು, ಹೋಗುವಾಗ ನನಗೂ ಒಂದು ಸಲ ತಲೆ ಆಡಿಸಿದರು. ಬಣ್ಣ ಕೆರೆದು, ಕಡ್ಡಿ ಬಿಗಿ ಮಾಡಿ, ಟೈರು ಹಾಕಲು ನನಗೆ ಒಂದು ವಾರ ಹಿಡಿಯಿತು.

ಭಾನುವಾರ ಮಧ್ಯಾಹ್ನ ಕೂಡಿಸಲು ಕೂತೆ. ಮೂರು ಗಾಲಿ ಆಯಿತು. ನಾಲ್ಕನೆಯದನ್ನು ಹಚ್ಚಿ, ನಟ್ಟು ಕೈಯಿಂದ ತಿರುವಿ, ಕಲ್ಲು ಸರಿಸಿ ಜಾಕು ಇಳಿಸಿದೆ. ಕಾರು ನಾಲ್ಕು ಗಾಲಿಯ ಮೇಲೆ ನಿಂತಿತು. ಅಪ್ಪ ಶೆಡ್ಡಿನಿಂದ ಬಂದ. ಸುತ್ತ ಒಂದು ಸುತ್ತು ಹಾಕಿದ. ನನ್ನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಡ್ಡಿಗಳ ಮೇಲೆ ಬೆರಳು ಆಡಿಸಿದ. ಹೊಲಿಗೆಯ ಗುರುತು ಹುಬ್ಬಿನಿಂದ ಕಿವಿಯವರೆಗೆ ಬೆಳ್ಳಗೆ ಕಾಣುತ್ತಿತ್ತು.

'ತಮ್ಮಾ,' ಎಂದ, 'ಇವು ಬಿಗಿ ಅದಾವ ನೋಡು.'

ಐದು ತಿಂಗಳ ಮೇಲೆ ನನ್ನ ಕೂಡ ಆಡಿದ ಮೊದಲ ಮಾತು. 'ಹೌದಪಾ' ಎಂದೆ. 'ಇವನ್ನರ ನೀರಿಗಿ ಬಿಡಬ್ಯಾಡ' ಎಂದು ಸೇರಿಸಿದೆ. ಅಪ್ಪ ಬಾಯಿ ತೆರೆದು ನಕ್ಕ. ನಾನೂ ನಕ್ಕೆ. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುಗಿಯಿತು, ಎಲ್ಲ ಸರಿಹೋಯಿತು ಎಂದುಕೊಂಡೆ. ಇನ್ನು ಉಳಿದದ್ದು ಕೊನೆಯ ನಟ್ಟು ಬಿಗಿ ಮಾಡುವುದೊಂದೇ. ಆ ಹುರುಪಿನಲ್ಲಿ ತಾಮ್ರದ ಸುತ್ತಿಗೆ ತೆಗೆದುಕೊಂಡು ಕೈ ಮೇಲೆತ್ತಿದೆ.

ಅಪ್ಪ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿದ.

ನನ್ನ ಕೈ ಎತ್ತಿದಲ್ಲೇ ನಿಂತಿತು. 'ಅಪ್ಪಾ, ನಟ್ಟಿಗಿ ಹೊಡಿತೇನೋ' ಎಂದೆ.

'ಗೊತ್ತೈತಿ, ಹೊಡಿ' ಎಂದ. ಕೈ ಮಾತ್ರ ತಲೆಯ ಮೇಲಿನಿಂದ ಇಳಿಸಲಿಲ್ಲ.